ಮಾಲೀಕರ ಮುಖ, ಕೌಂಟರಿನ ಹುಡುಗಿ

ದೋಣಿಗಲ್ಲಿನವರಿಗೆ ದಾರಿ ಬಂದ್ ಆಗುವುದು ಹೊಸ ಸುದ್ದಿಯಲ್ಲ. 2024ರ ಜುಲೈ ಮಳೆಗೆ ದೊಡ್ಡತಪ್ಲು ಹತ್ತಿರ ಗುಡ್ಡ ಮತ್ತೆ ಮತ್ತೆ ಹೆದ್ದಾರಿಗೆ ಜಾರಿತು. ಅದೇ ತಿಂಗಳ ಕೊನೆಗೆ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ಇಂಥ ರಾತ್ರಿಗಳಲ್ಲಿ ಸಕಲೇಶಪುರದ ಬಸ್ ನಿಲ್ದಾಣಕ್ಕೆ ಹೋದರೆ ಒಂದು ಮಾತು ಕೇಳಿಸುತ್ತದೆ: "ಗುಡ್ಡ ಕುಸಿದೈತೆ. ಶಿರಾಡಿ ಮೇಲೆ ಹೋಗಕ್ಕಾಗಲ್ಲ. ಚಾರ್ಮಾಡಿ ಸುತ್ಕಂಡು ಹೋದ್ರೆ ಬೆಳಗಾಗುತ್ತೆ. ಬರೋರು ಕೂತ್ಕಳಿ, ಇಳಿಯೋರು ಇಳೀರಿ."

ಜನ ಗೊಣಗುತ್ತಾರೆ, ಮನೆಗೆ ಫೋನ್ ಮಾಡುತ್ತಾರೆ, ಚಹಾ ಕುಡಿಯುತ್ತಾರೆ. ಕೆಲವರು ಇಳಿಯುತ್ತಾರೆ, ಕೆಲವರು ಕೂರುತ್ತಾರೆ. ಆದರೆ ಯಾರೂ ಕಂಡಕ್ಟರ್ ಕೊರಳಪಟ್ಟಿ ಹಿಡಿಯುವುದಿಲ್ಲ. ಕೆಎಸ್‌ಆರ್‌ಟಿಸಿಯ ವ್ಯವಸ್ಥಾಪಕ ನಿರ್ದೇಶಕರು ಯಾರು, ನೋಡಲು ಹೇಗಿದ್ದಾರೆ ಎಂಬುದು ಆ ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕಾದ ಅಗತ್ಯವೂ ಯಾರಿಗೂ ಕಂಡಿಲ್ಲ.

ವಿಮಾನದ ಕಥೆ ಹಾಗಲ್ಲ. ಅಲ್ಲಿ ನಮಗೆ ಮೊದಲು ಪರಿಚಯವಾಗುವುದು ಕಂಪನಿಯ ಯಜಮಾನರ ಮುಖ. ಅವರ ಸಂದರ್ಶನ, ಅವರ ಬಾಲ್ಯದ ಬಡತನ, ಅವರ ಮನೆಯ ಔತಣಕೂಟ, ಕೊನೆಗೆ ಅವರ ಕ್ಷಮಾಪಣೆಯ ವಿಡಿಯೊ. ಆ ಮುಖ ನೋಡಿ ನಾವು ಸೇವೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳುತ್ತೇವೆ. ಈ ಊಹೆ ಎಷ್ಟು ಸಲ ನಿಜವಾಗಿದೆ ಎಂದು ಲೆಕ್ಕ ಹಾಕಿ ನೋಡಬೇಕಾದ ಕಾಲ ಬಂದಿದೆ. ಯಾಕೆಂದರೆ ವಿಮಾನ ಈಗ ಶ್ರೀಮಂತರ ವಾಹನವಾಗಿ ಉಳಿದಿಲ್ಲ. ನಮ್ಮ ಮಲೆನಾಡಿನ ಹುಡುಗರು ಕೆಲಸದ ಸಂದರ್ಶನಕ್ಕೆ, ಗಲ್ಫ್‌ಗೆ, ಆಸ್ಪತ್ರೆಗೆ, ಸಾವಿಗೆ ವಿಮಾನ ಹತ್ತುತ್ತಿದ್ದಾರೆ.

ಗೊರೂರಿನ ಕ್ಯಾಪ್ಟನ್

ಈ ಕಥೆಯ ಮೊದಲ ಮುಖ ನಮ್ಮ ಜಿಲ್ಲೆಯದೇ. ಸಕಲೇಶಪುರದ ಪಕ್ಕದಲ್ಲಿ ಹರಿಯುವ ಹೇಮಾವತಿ ಮುಂದೆ ಗೊರೂರಿನಲ್ಲಿ ಅಣೆಕಟ್ಟೆಗೆ ಸೇರುತ್ತದೆ. ಆ ಗೊರೂರಿನವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೈನ್ಯದಲ್ಲಿದ್ದು 1971ರ ಯುದ್ಧ ಕಂಡವರು. ಸೈನ್ಯ ಬಿಟ್ಟು ಬಂದಾಗ ಕುಟುಂಬದ ಜಮೀನು ಅಣೆಕಟ್ಟೆಯ ನೀರಿಗೆ ಹೋಗಿತ್ತು. ಬದಲಿಗೆ ಸಿಕ್ಕ ಜಾವಗಲ್ ಬಳಿಯ ಜಮೀನಿನಲ್ಲಿ ರೇಷ್ಮೆ, ತೆಂಗು ಬೆಳೆದರು. ಹಾಸನದಲ್ಲಿ ಬೈಕ್ ಡೀಲರ್ ಆದರು, ಹೋಟೆಲ್ ನಡೆಸಿದರು. 1997ರಲ್ಲಿ ಹೆಲಿಕಾಪ್ಟರ್ ಕಂಪನಿ, 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟದೊಂದಿಗೆ ಏರ್ ಡೆಕ್ಕನ್. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ' ಆ ವಿಮಾನಗಳ ಗುರುತಾದ. ಒಂದು ರೂಪಾಯಿ ಟಿಕೆಟ್ ಎಂಬ ಮಾತು ಊರೂರಿನ ಚಹಾ ಅಂಗಡಿಗೂ ಬಂತು. ಈ ಬದುಕಿನ ಕಥೆಯಿಂದ ಪ್ರೇರಿತವಾದ ತಮಿಳು ಸಿನಿಮಾ 'ಸೂರರೈ ಪೋಟ್ರು' 2020ರಲ್ಲಿ ಬಂದಾಗ ನನ್ನ ವಯಸ್ಸಿನವರು ಅದನ್ನು ಮೊಬೈಲಿನಲ್ಲಿ ನೋಡಿ ಕಣ್ಣೀರು ಹಾಕಿದ್ದೇವೆ.

ಆದರೆ ಸಿನಿಮಾ ನೋಡಿದ ನಮಗೂ ಆ ವಿಮಾನದಲ್ಲಿ ಕೂತಿದ್ದ ನಮ್ಮ ಅಪ್ಪಂದಿರ ಪೀಳಿಗೆಗೂ ನೆನಪುಗಳು ಬೇರೆ. ಸೀಟಿನ ನಂಬರ್ ಇರುತ್ತಿರಲಿಲ್ಲ, ನಮ್ಮ ಬಸ್ಸಿನ ಹಾಗೆ ಓಡಿ ಹೋಗಿ ಹಿಡಿಯಬೇಕಿತ್ತು. ನೀರಿಗೂ ದುಡ್ಡು ಕೊಡಬೇಕಿತ್ತು. ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟಿದ್ದ ಉದ್ಘಾಟನೆಯ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡು ಹಾರಾಟವೇ ನಿಂತಿತ್ತು. ತಡವಾಗುವುದು, ರದ್ದಾಗುವುದು ಏರ್ ಡೆಕ್ಕನ್ ವಿರುದ್ಧ ಸದಾ ಇದ್ದ ದೂರು.

ನೀರಿಗೆ ದುಡ್ಡು ಎಂದು ಮೊದಲೇ ಹೇಳಿದ್ದರೆ ಅದು ಮೋಸವಲ್ಲ. ಅಗ್ಗದ ಟಿಕೆಟ್ ಬೇಕೆಂದರೆ ಊಟ ಬಿಡಬೇಕು ಎಂಬುದು ನ್ಯಾಯವಾದ ವ್ಯಾಪಾರ. ಆದರೆ ಸಮಯಕ್ಕೆ ತಲುಪಿಸುವುದನ್ನೂ ಟಿಕೆಟ್ ಅಗ್ಗ ಎಂಬ ಕಾರಣಕ್ಕೆ ಬಿಟ್ಟುಕೊಡಬೇಕೆ? ನಮ್ಮ ಜಿಲ್ಲೆಯವರೆಂಬ ಅಭಿಮಾನದಲ್ಲಿ ಈ ಪ್ರಶ್ನೆಯನ್ನು ನಾವು ಕೇಳದೆ ಬಿಡುತ್ತೇವೆ. ಕ್ಯಾಪ್ಟನ್ ಸಾಹಸಿ, ಸರಳ ಮನುಷ್ಯ, ಶ್ರೀಸಾಮಾನ್ಯನನ್ನು ವಿಮಾನ ಹತ್ತಿಸಿದವರು. ಎಲ್ಲವೂ ನಿಜ. ಹಾಗೆಂದು ಅವರ ಸರಳತೆಯಿಂದ ತಡವಾದ ವಿಮಾನ ಬೇಗ ಬರುವುದಿಲ್ಲ.

'ನನ್ನ ಮನೆಯ ಅತಿಥಿ'

ಎರಡನೆಯ ಮುಖವೂ ಬೆಂಗಳೂರಿನದೇ. ವಿಜಯ್ ಮಲ್ಯ 2005ರ ಮೇ ತಿಂಗಳಲ್ಲಿ ಕಿಂಗ್‌ಫಿಷರ್ ವಿಮಾನ ಹಾರಿಸಿದಾಗ ಪ್ರಯಾಣಿಕರನ್ನು 'ಅತಿಥಿಗಳು' ಎಂದು ಕರೆಯಲಾಯಿತು. ಸೀಟಿನ ಮುಂದಿನ ಪರದೆಯಲ್ಲಿ ಸ್ವತಃ ಮಲ್ಯ ಕಾಣಿಸಿಕೊಂಡು, ನಿಮ್ಮನ್ನು ನನ್ನ ಮನೆಗೆ ಬಂದವರಂತೆ ನೋಡಿಕೊಳ್ಳಲು ಸಿಬ್ಬಂದಿಗೆ ಹೇಳಿದ್ದೇನೆ ಎನ್ನುತ್ತಿದ್ದರು. ಊಟ ಚೆನ್ನಾಗಿತ್ತು, ನಗು ಚೆನ್ನಾಗಿತ್ತು. ಆಗ ಹಾರಿದವರು ಈಗಲೂ ಅದನ್ನು ಹೊಗಳುತ್ತಾರೆ, ಆ ಹೊಗಳಿಕೆ ಸುಳ್ಳಲ್ಲ. ಟಿಪ್ಪುವಿನ ಕತ್ತಿಯನ್ನು ಹರಾಜಿನಲ್ಲಿ ಕೊಂಡವರು, ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು, ಆರ್‌ಸಿಬಿ ತಂಡದ ಒಡೆಯರಾಗಿದ್ದವರು. ಅವರ ಠೀವಿ ಕಂಪನಿಯ ಜಾಹೀರಾತೇ ಆಗಿತ್ತು.

2008ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು. ಶ್ರೀಸಾಮಾನ್ಯನ ವಿಮಾನಕ್ಕೆ 'ಕಿಂಗ್‌ಫಿಷರ್ ರೆಡ್' ಎಂದು ಹೊಸ ಹೆಸರು, ಹೊಸ ಬಣ್ಣ ಬಂತು. 2011ರ ನವೆಂಬರ್ ಹೊತ್ತಿಗೆ ಕಂಪನಿ ದಿನಕ್ಕೆ ಹತ್ತಾರು ಹಾರಾಟಗಳನ್ನು ರದ್ದು ಮಾಡತೊಡಗಿತು. 2012ರ ಅಕ್ಟೋಬರ್‌ನಲ್ಲಿ ಪರವಾನಗಿ ಅಮಾನತಾಯಿತು. ಅಷ್ಟರಲ್ಲಿ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. ಆ ಬಾಕಿ ತೀರದೆ ಇರುವಾಗಲೇ 2014ರ ಐಪಿಎಲ್ ಹರಾಜಿನಲ್ಲಿ ಆರ್‌ಸಿಬಿ ಯುವರಾಜ್ ಸಿಂಗ್ ಅವರಿಗೆ 14 ಕೋಟಿ ರೂಪಾಯಿ ಕೊಟ್ಟಿತು. 2015ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ ಅರವತ್ತನೆಯ ಹುಟ್ಟುಹಬ್ಬ ನಡೆಯಿತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. 2019ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು.

ಸಾಲ ಎಷ್ಟು, ಬ್ಯಾಂಕಿನವರು ವಸೂಲು ಮಾಡಿದ್ದು ಎಷ್ಟು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಆ 'ಮನೆ'ಯಲ್ಲಿ ಅತಿಥಿಗೆ ಊಟ ಬಡಿಸಿದವರು, ಚೀಲ ಹೊತ್ತವರು, ಎಂಜಿನ್ ನೋಡಿಕೊಂಡವರು ಯಾರೋ, ಯಶಸ್ಸಿನ ದಿನಗಳಲ್ಲಿ ಪರದೆಯ ಮೇಲೆ ಕಾಣಿಸಿಕೊಂಡವರು ಯಾರೋ. ಮನೆ ಮುಳುಗಿದಾಗ ಅತಿಥಿಗಳ ಬೈಗುಳ ಕೇಳಲು ಕೌಂಟರಿನಲ್ಲಿ ಉಳಿದವರು ಸಂಬಳವಿಲ್ಲದ ಆ ಕೆಲಸಗಾರರು.

ಮುಖವಿಲ್ಲದ ಕಂಪನಿ ಮುಖ ತೋರಿಸಿದ ದಿನ

ಹಾಗಾದರೆ ಯಜಮಾನರ ಮುಖ ಮುಂದೆ ಮಾಡದ ಕಂಪನಿ ಒಳ್ಳೆಯದೇ? 2006ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ ಇಂಡಿಗೊ ಹಾಗೆಯೇ ಬೆಳೆಯಿತು. ಒಡೆಯರು ಯಾರೆಂದು ಹೆಚ್ಚಿನ ಪ್ರಯಾಣಿಕರಿಗೆ ಗೊತ್ತಿರಲಿಲ್ಲ. ಅವರ ಜಾಹೀರಾತು ಒಂದೇ: ಸಮಯಕ್ಕೆ ಸರಿಯಾಗಿ. ದೇಶದೊಳಗಿನ ಪ್ರಯಾಣಿಕರಲ್ಲಿ ಸುಮಾರು ಮೂರನೇ ಎರಡು ಭಾಗದವರು ಅವರ ವಿಮಾನದಲ್ಲೇ ಹಾರುವ ಮಟ್ಟಕ್ಕೆ ಕಂಪನಿ ಬೆಳೆಯಿತು.

2025ರ ಡಿಸೆಂಬರ್ ಮೊದಲ ವಾರ ಆ ಗಡಿಯಾರ ಕೆಟ್ಟಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿ ಇಳಿಸುವ ವಿಮಾನಗಳ ಸಂಖ್ಯೆಯನ್ನು ಕಡಿಮೆ ಮಾಡುವ ನಿಯಮದ ಎರಡನೇ ಹಂತ ನವೆಂಬರ್ 1ರಂದು ಜಾರಿಗೆ ಬಂದಿತ್ತು. ಇದು ರಾತ್ರೋರಾತ್ರಿ ಬಂದ ನಿಯಮವಲ್ಲ, 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ಆದರೂ ಬೇಕಾದಷ್ಟು ಪೈಲಟ್‌ಗಳ ಲೆಕ್ಕ ತಪ್ಪಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಜನ ಚೀಲಗಳ ಮೇಲೆ ತಲೆಯಿಟ್ಟು ಮಲಗಿದರು. ಭುವನೇಶ್ವರದಲ್ಲಿ ಸಿಲುಕಿದ ನವದಂಪತಿ ಹುಬ್ಬಳ್ಳಿಯಲ್ಲಿದ್ದ ತಮ್ಮದೇ ಆರತಕ್ಷತೆಗೆ ವಿಡಿಯೊ ಕರೆಯಲ್ಲಿ ಹಾಜರಾದರು. ಮದುಮಕ್ಕಳ ಕುರ್ಚಿಯಲ್ಲಿ ಹೆತ್ತವರು ಕೂತರು.

ಆ ದಿನ ಕಂಪನಿಯ ಮುಖ್ಯಾಧಿಕಾರಿ ಪೀಟರ್ ಎಲ್ಬರ್ಸ್ ವಿಡಿಯೊದಲ್ಲಿ ಕಾಣಿಸಿಕೊಂಡು ಕ್ಷಮೆ ಕೇಳಿದರು. ಜಾಲತಾಣಗಳಲ್ಲಿ ಚರ್ಚೆ ಎತ್ತ ತಿರುಗಿತು ಎಂದರೆ, ಅವರ ಮುಖದಲ್ಲಿ ಪಶ್ಚಾತ್ತಾಪ ಇತ್ತೇ, ದನಿ ಸಪ್ಪೆಯಾಗಿತ್ತೇ, ವಿದೇಶಿಯರಾದ್ದರಿಂದ ನಮ್ಮ ನೋವು ಗೊತ್ತಾಗಲಿಲ್ಲವೇ ಎಂದೆಲ್ಲ. ಪೈಲಟ್ ನೇಮಕಾತಿ ಯಾಕೆ ಆಗಲಿಲ್ಲ, ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಎರಡು ವರ್ಷ ಏನು ನೋಡುತ್ತಿತ್ತು, ಒಂದೇ ಕಂಪನಿಯ ಮೇಲೆ ಇಡೀ ದೇಶ ಇಷ್ಟು ಭಾರ ಹಾಕಿದ್ದು ಸರಿಯೇ ಎಂಬ ಪ್ರಶ್ನೆಗಳು ಹಿಂದೆ ಬಿದ್ದವು. ಮುಖವನ್ನು ಹೊಗಳುವ ಅಭ್ಯಾಸದ ಇನ್ನೊಂದು ಮಗ್ಗುಲು ಇದು. ಮುಖವನ್ನು ಬೈದು ಮುಗಿಸಿದರೆ ಕೆಲಸ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಆ ಗದ್ದಲದಲ್ಲಿ ಪೈಲಟ್‌ಗಳ ನಿದ್ದೆಗೆಂದೇ ಬಂದ ನಿಯಮವನ್ನೂ ಆ ಕಂಪನಿಗೆ ತಾತ್ಕಾಲಿಕವಾಗಿ ಸಡಿಲಿಸಲಾಯಿತು. ಅದು ನಮ್ಮದೇ ಸುರಕ್ಷತೆಯ ನಿಯಮ ಎಂಬುದನ್ನು ಎಷ್ಟು ಜನ ಗಮನಿಸಿದೆವು?

ಕೇಂದ್ರ ಸಚಿವರಿಗೂ ಈ ಭ್ರಮೆ ತಪ್ಪಿಲ್ಲ. 2025ರ ಫೆಬ್ರುವರಿಯಲ್ಲಿ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರಿಗೆ ಏರ್ ಇಂಡಿಯಾ ವಿಮಾನದಲ್ಲಿ ಮುರಿದು ಕುಸಿದ ಸೀಟು ಸಿಕ್ಕಿತು. ಟಾಟಾ ಕೈಗೆ ಹೋದ ಮೇಲೆ ಸೇವೆ ಸುಧಾರಿಸಿರಬಹುದು ಎಂದುಕೊಂಡಿದ್ದೆ, ಅದು ನನ್ನ ತಪ್ಪು ಕಲ್ಪನೆ ಎಂಬರ್ಥದಲ್ಲಿ ಅವರು ಬರೆದುಕೊಂಡರು. ಟಾಟಾ ಎಂಬ ಹೆಸರಿನ ಮೇಲಿದ್ದ ನಂಬಿಕೆ ಸೀಟಿನ ಮೊಳೆಯವರೆಗೆ ಇಳಿದಿರಲಿಲ್ಲ. ಸಚಿವರಿಗೆ ಕಂಪನಿ ಕೂಡಲೇ ಕ್ಷಮೆ ಕೇಳಿತು. ಅಂಥದೇ ಸೀಟಿನಲ್ಲಿ ಕೂರುವ ಸಾಮಾನ್ಯನಿಗೆ ಬರುವುದು 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂಬ ತಾನಾಗಿ ಬರುವ ಸಂದೇಶ.

ನಾನು ಕಂಡ ಕೌಂಟರು

ಇದನ್ನೆಲ್ಲ ನಾನು ಪತ್ರಿಕೆಯಲ್ಲಿ ಓದಿ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ಡಿಸೆಂಬರಿಗೂ ಮುಂಚಿನ ಒಂದು ಮಳೆಗಾಲದಲ್ಲಿ ಪುಣೆಯ ಕಂಪನಿಯೊಂದು ನನ್ನನ್ನು ಸಂದರ್ಶನಕ್ಕೆ ಕರೆದಿತ್ತು. ಅಪ್ಪ ಕಾಫಿ ಮಾರಿದ ದುಡ್ಡಿನಲ್ಲಿ ಬೆಳಗಿನ ವಿಮಾನದ ಟಿಕೆಟ್ ತೆಗೆದುಕೊಟ್ಟಿದ್ದರು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ವಿಮಾನ ನಿಲ್ದಾಣಕ್ಕೆ. ಒಳಗೆ ಕಾಲಿಡುವ ಹೊತ್ತಿಗೆ ಮೊಬೈಲ್ ಕುಯ್ಗುಟ್ಟಿತು: ಕಾರ್ಯಾಚರಣೆಯ ಕಾರಣಗಳಿಂದ ನಿಮ್ಮ ಹಾರಾಟ ರದ್ದಾಗಿದೆ.

ಕೌಂಟರಿನ ಮುಂದೆ ಐವತ್ತು ಅರವತ್ತು ಜನ ಮುತ್ತಿದ್ದರು. ಒಳಗೆ ಇದ್ದದ್ದು ಒಬ್ಬಳೇ ಹುಡುಗಿ, ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಒಬ್ಬರು ಮೇಜು ಗುದ್ದಿ, "ನಿಮ್ಮ ಓನರ್‌ನ ಕರೀರಿ, ಟೀವಿಲಿ ಬಂದು ದೊಡ್ಡದಾಗಿ ಮಾತಾಡ್ತಾನಲ್ಲ, ಈಗ ಬರ್ಲಿ" ಎಂದು ಕೂಗುತ್ತಿದ್ದರು. ಅವಳು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ನಮ್ಮ ಕಡೆಯ ಕನ್ನಡದಲ್ಲಿ ಹೇಳಿದಳು: "ನನಗೂ ಅದೇ ಮೆಸೇಜೇ ಬಂದಿರೋದು ಸರ್, ನಿಮಗೆ ಬಂದಿದ್ದೇ."

ಆ ಮಾತು ನನಗೆ ಮರೆತಿಲ್ಲ. ಕಂಪನಿಯ ಸಮವಸ್ತ್ರ ಹಾಕಿಕೊಂಡು ನಿಂತವಳಿಗೂ ನಮಗೆ ಗೊತ್ತಿದ್ದಷ್ಟೇ ಗೊತ್ತಿತ್ತು. ಸಕಲೇಶಪುರದ ಕಂಡಕ್ಟರ್ ಬಳಿ ಇದ್ದದ್ದು ಅವಳ ಬಳಿ ಇರಲಿಲ್ಲ. ಏನಾಗಿದೆ ಎಂಬ ಮಾಹಿತಿ ಇಲ್ಲ, ಮುಂದಿನ ದಾರಿ ಯಾವುದು ಎಂದು ಹೇಳುವ ಅಧಿಕಾರವೂ ಇಲ್ಲ. ನನ್ನ ಸಂದರ್ಶನ ತಪ್ಪಿತು. ಟಿಕೆಟ್ ದುಡ್ಡು ಎರಡು ವಾರದ ಮೇಲೆ ವಾಪಸ್ ಬಂತು. ಅಷ್ಟೇ ನನ್ನ ಹಕ್ಕು ಎಂದು ಅಂದುಕೊಂಡು ಸುಮ್ಮನಾದೆ.

ಅಷ್ಟೇ ಆಗಿರಲಿಲ್ಲ. ಡಿಜಿಸಿಎ ನಿಯಮದ ಪ್ರಕಾರ, ಮೊದಲೇ ತಿಳಿಸದೆ ಹಾರಾಟ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ಕೊಡಬೇಕು. ಅದರ ಮೇಲೆ ಪರಿಹಾರವೂ ಇದೆ. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000. ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು. ನಿಲ್ದಾಣಕ್ಕೆ ಬಂದು ಬೇರೆ ವಿಮಾನಕ್ಕೆ ಕಾಯುವವರಿಗೆ ಊಟ, ತಿಂಡಿ ಕೊಡಬೇಕು. ಆರು ಗಂಟೆಗಿಂತ ಹೆಚ್ಚು ತಡವಾದರೆ ದುಡ್ಡು ವಾಪಸ್ ಕೇಳುವ ಹಕ್ಕಿದೆ. ಕಂಪನಿ ಸ್ಪಂದಿಸದಿದ್ದರೆ ಸರ್ಕಾರದ 'ಏರ್‌ಸೇವಾ'ದಲ್ಲಿ ದೂರು ಕೊಡಬಹುದು. ಬಿರುಗಾಳಿ, ಮುಷ್ಕರದಂತಹ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಇಲ್ಲ. 'ಕಾರ್ಯಾಚರಣೆಯ ಕಾರಣ' ಎಂಬ ಎರಡು ಪದ ಯಾವುದರೊಳಗೆ ಬರುತ್ತದೆ ಎಂದು ಕೇಳುವುದು ನಮ್ಮ ಕೆಲಸ. ಆ ಮುಂಜಾನೆ ನಾವು ಅರವತ್ತು ಜನರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಓನರ್‌ನ ಕರೀರಿ ಎಂದೆವು.

ಏನನ್ನು ನಿರೀಕ್ಷಿಸಬೇಕು?

ನಿರೀಕ್ಷೆ ಕಡಿಮೆ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಿರೀಕ್ಷೆಯನ್ನು ಸರಿಯಾದ ಜಾಗದಲ್ಲಿ ಇಡೋಣ ಎನ್ನುತ್ತಿದ್ದೇನೆ. ಬಿಸಿ ಊಟ, ಅಗಲದ ಸೀಟು, ನಗುಮುಖ ಇವೆಲ್ಲ ದುಡ್ಡಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗಲಿ. ಆದರೆ ನಿಜವನ್ನು ಸಮಯಕ್ಕೆ ಹೇಳುವುದು, ತಲುಪಿಸಲಾಗದಿದ್ದರೆ ಬೇರೆ ದಾರಿ ತೋರಿಸುವುದು, ದುಡ್ಡನ್ನು ಕೇಳಿಸಿಕೊಳ್ಳದೆ ವಾಪಸ್ ಕೊಡುವುದು, ಈ ಮೂರು ಒಂದು ರೂಪಾಯಿ ಟಿಕೆಟ್‌ಗೂ ಇರಬೇಕು.

2023ರ ಜನವರಿ 9ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟ ಗೋ ಫಸ್ಟ್ ವಿಮಾನ 55 ಪ್ರಯಾಣಿಕರನ್ನು ನಿಲ್ದಾಣದ ಬಸ್ಸಿನಲ್ಲೇ ಬಿಟ್ಟು ಹಾರಿಹೋದದ್ದು ನೆನಪಿರಬಹುದು. ಕಂಪನಿ ಕ್ಷಮೆ ಕೇಳಿ, ಹನ್ನೆರಡು ತಿಂಗಳೊಳಗೆ ಬಳಸಬಹುದಾದ ಉಚಿತ ಟಿಕೆಟ್ ಕೊಡುವುದಾಗಿ ಹೇಳಿತು. ಮೇ ತಿಂಗಳಿಗೆ ಆ ಕಂಪನಿಯ ಹಾರಾಟವೇ ನಿಂತುಹೋಯಿತು. ಯಜಮಾನರ ಔದಾರ್ಯವನ್ನು ನಂಬಿದರೆ ಆಗುವುದು ಇಷ್ಟೇ. ಆ ಪ್ರಕರಣದಲ್ಲಿ ಗಟ್ಟಿಯಾಗಿ ಉಳಿದದ್ದು ನಿಯಂತ್ರಕರು ಹಾಕಿದ 10 ಲಕ್ಷ ರೂಪಾಯಿ ದಂಡ. ಅದೂ ಪ್ರಯಾಣಿಕರ ಕೈಗೆ ಬರುವ ದುಡ್ಡಲ್ಲ ಎಂಬುದು ಬೇರೆ ಮಾತು. 'ಯಾವುದು ಕಡಿಮೆಯೋ ಅದು' ಎಂಬ ನಿಯಮದಲ್ಲಿ ಅಗ್ಗದ ಟಿಕೆಟ್ ಕೊಂಡವನಿಗೆ ಅತಿ ಕಡಿಮೆ ಸಿಗುತ್ತದೆ, ಅವನ ನಷ್ಟ ಮಾತ್ರ ಬೇರೆಯವರಷ್ಟೇ ಇರುತ್ತದೆ. ನಮ್ಮ ಸಂಸದರು ಕೇಳಬೇಕಾದ ಪ್ರಶ್ನೆ ಇದು, ಮುಖ್ಯಾಧಿಕಾರಿಯ ದನಿ ಸಪ್ಪೆಯಾಗಿತ್ತೇ ಎಂಬುದಲ್ಲ.

ಇನ್ನು ನಮ್ಮ ಪೀಳಿಗೆಯ ಮಾತು. ಮಂಗಳೂರು, ಬೆಂಗಳೂರಿನ ನಿಲ್ದಾಣಗಳಲ್ಲಿ ಆ ಸಮವಸ್ತ್ರ ಹಾಕಿಕೊಳ್ಳಬೇಕೆಂಬ ಆಸೆಯಿಂದ ನಮ್ಮ ಜೊತೆ ಓದಿದ ಹುಡುಗ ಹುಡುಗಿಯರು ತರಬೇತಿಗೆ ಸೇರುತ್ತಿದ್ದಾರೆ. ಪಿಯುಸಿ ಮುಗಿಸಿದ ಆಲೂರಿನವಳೊಬ್ಬಳು, ಹೆತ್ತೂರಿನವನೊಬ್ಬ ನಾಳೆ ಆ ಕೌಂಟರಿನ ಹಿಂದೆ ಇರುತ್ತಾರೆ. ಸೇವೆ ಎಂದರೆ ಅವರನ್ನು ನಗಿಸಿ ನಿಲ್ಲಿಸುವುದು ಎಂದು ಕಂಪನಿ ತಿಳಿದಿದ್ದರೆ, ಆ ನಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹಕ್ಕು ಎಂದು ಪ್ರಯಾಣಿಕರು ತಿಳಿದಿದ್ದರೆ, ಇಬ್ಬರೂ ಅವರಿಗೆ ಅನ್ಯಾಯ ಮಾಡುತ್ತಿದ್ದೇವೆ. 2024ರ ಜನವರಿಯಲ್ಲಿ ದೆಹಲಿಯಲ್ಲಿ ವಿಮಾನ ತಡವಾಯಿತೆಂದು ಘೋಷಣೆ ಮಾಡುತ್ತಿದ್ದ ಪೈಲಟ್‌ಗೇ ಪ್ರಯಾಣಿಕನೊಬ್ಬ ಹೊಡೆದ. ಮಂಜು ಬಿದ್ದದ್ದಕ್ಕೆ ಪೈಲಟ್ ಹೊಣೆಯೇ?

ಆ ಹುಡುಗಿಯ ಕೈಗೆ ಕಂಪನಿ ಎರಡು ವಸ್ತು ಕೊಟ್ಟಿದ್ದರೆ ಸಾಕಿತ್ತು: ಏನಾಗಿದೆ ಎಂಬ ನಿಜ, ಅಲ್ಲೇ ಇನ್ನೊಂದು ಟಿಕೆಟ್ ಮಾಡಿಕೊಡುವ ಅಧಿಕಾರ. ಆಗ ಅವಳು ನಮ್ಮ ಕಂಡಕ್ಟರ್ ಹೇಳುವ ಹಾಗೆ ಬರೋರು ಬನ್ನಿ, ಇಳಿಯೋರು ಇಳೀರಿ ಎಂದು ಹೇಳಬಹುದಿತ್ತು. ನಾವೂ ಗೊಣಗಿಕೊಂಡು ಒಂದು ಚಹಾ ಕುಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆವು.

ಈ ತಿಂಗಳು ಇನ್ನೊಂದು ಸಂದರ್ಶನಕ್ಕೆ ಕರೆ ಬಂದಿದೆ, ಈ ಸಲ ಹೈದರಾಬಾದಿಗೆ. ಟಿಕೆಟ್ ತೆಗೆಯುವಾಗ ಕಂಪನಿಯ ಯಜಮಾನರು ಯಾರು ಎಂದು ನೋಡಲಿಲ್ಲ. ರದ್ದತಿಯ ನಿಯಮವಿರುವ ಪುಟವನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದೇನೆ.